ಕೊನೆಯ ತೂಬಿನ ಪೀಪಾಯಿ

ಕಾಲುವೆಯ ಕೊನೆಯ ತೂಬಿಗೆ ನೀರು ಬಂದಿದೆ ಎಂಬ ಸುದ್ದಿ ಮುಟ್ಟಿದಾಗ ಮೋನಮ್ಮನ ಕೈಯಲ್ಲಿ ಅರ್ಧ ಬಡಿದ ರೊಟ್ಟಿ ಇತ್ತು. ಸುದ್ದಿ ತಂದವನು ಅವಳ ಗಂಡ ಹುಲಗಪ್ಪ. ಅರವತ್ತು ದಾಟಿದ ಆ ಮನುಷ್ಯ ಹೊಲದಿಂದ ಖಾನಾವಳಿಯವರೆಗೂ ಒಂದೇ ಉಸಿರಿಗೆ ಸೈಕಲ್ ತುಳಿದಿದ್ದ. ಧೋತರದ ತುಂಬ ಕೆಸರು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಅವನು ಬೆರಳು ತೋರಿಸಿದ್ದು ಹೊಲದ ಕಡೆಗೋ ಆಕಾಶದ ಕಡೆಗೋ ಯಾರಿಗೂ ತಿಳಿಯಲಿಲ್ಲ.

"ಬಂತು," ಅಂದ.

"ಏನ್ ಬಂತು? ಕುಂದರ್ರಿ ಮೊದಲ, ನೀರು ಕುಡೀರಿ."

"ಅದ ಬಂತು, ನೀರು. ನಮ್ಮ ತೂಬಿಗಿ. ಕೈ ಇಟ್ಟು ನೋಡೀನಿ, ತಣ್ಣಗ ಹರಿಯಾಕತ್ತದ."

ಮೋನಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಮೇಲೆ ನೀರು ಸವರಿದಳು, ತಿರುವಿದಳು. ಉಣ್ಣಲು ಕುಳಿತಿದ್ದ ಲಾರಿಯವರಿಬ್ಬರು ತುತ್ತು ನಿಲ್ಲಿಸಿ ಅವಳ ಮುಖ ನೋಡಿದರು. ಅವಳ ಬಾಯಿಂದ ಬಂದ ಮೊದಲ ಮಾತು ಹೊಲದ್ದಲ್ಲ, ಬೆಳೆಯದ್ದೂ ಅಲ್ಲ.

"ಹಂಗಾರ ಕಲ್ಲಪ್ಪ ಸಾಹೇಬ್ರಿಗಿ ಫೋನ್ ಮಾಡಬೇಕು," ಅಂದಳು. "ಅವರ ಹರಕಿ ಹಂಗೇ ಉಳದದ."

ಕಲ್ಲಪ್ಪ ಸಾಹೇಬ ಎಂದರೆ ಊರಿನವನಲ್ಲ. ಅಮೆರಿಕದವನು. ಹೆಸರು ಕ್ಲೈಡ್. ಆ ಹೆಸರು ನಾಲಿಗೆಗೆ ಹತ್ತದೆ ಕ್ಯಾಂಪಿನ ಕೂಲಿಯವರು ಮೊದಲ ವಾರದಲ್ಲೇ ಅದನ್ನು ಕಲ್ಲಪ್ಪ ಮಾಡಿಕೊಂಡಿದ್ದರು. ಸುರಪುರದಿಂದ ಕೆಂಭಾವಿಗೆ ಹೋಗುವ ರಸ್ತೆಯ ಬದಿಗೆ ಕಾಲುವೆ ಅಗೆಯುವ ಕ್ಯಾಂಪು ಬಿದ್ದಿದ್ದ ಕಾಲ ಅದು. ಎರೆಮಣ್ಣಿನ ಗುಣ ನೋಡಲು ಬಂದ ತಜ್ಞ ಈತ. ಎಲ್ಲಿ ಹೋದರೂ ಒಂದು ಹಿಡಿ ಮಣ್ಣು ಎತ್ತಿ, ಮೂಸಿ, ಬೆರಳಲ್ಲಿ ತಿಕ್ಕಿ, ಕೆಲವೊಮ್ಮೆ ನಾಲಿಗೆಗೂ ಹಚ್ಚಿ ನೋಡುತ್ತಿದ್ದ. ಮಧ್ಯಾಹ್ನಕ್ಕೆ ಮಾತ್ರ ಉಳಿದ ಎಂಜಿನಿಯರುಗಳ ಜೊತೆ ಕ್ಯಾಂಪಿನ ಮೆಸ್ಸಿಗೆ ಹೋಗದೆ ಆಗ ಗುಡಿಸಲಾಗಿದ್ದ ಮೋನಮ್ಮನ ಖಾನಾವಳಿಗೆ ಬಂದು ನೆಲದ ಮೇಲೆ ಕುಳಿತುಬಿಡುತ್ತಿದ್ದ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಖಾರಕ್ಕೆ ಮೂಗು ಕೆಂಪಾಗಿ ಕಣ್ಣೀರು ಇಳಿದರೂ ಇನ್ನೊಂದು ರೊಟ್ಟಿ ಎಂದು ಬೆರಳೆತ್ತುತ್ತಿದ್ದ.

ಹುಲಗಪ್ಪನ ಹೊಲ ಇದ್ದದ್ದು ಆ ಕಾಲುವೆಯ ತೀರಾ ತುದಿಯಲ್ಲಿ, ಕೊನೆಯ ತೂಬಿನ ಬುಡದಲ್ಲಿ. ಕ್ಯಾಂಪು ಮುಗಿದು ಸಾಹೇಬ ಊರಿಗೆ ಹೊರಡುವ ದಿನ ಹುಲಗಪ್ಪ ಸುಮ್ಮನಿರಲಾರದೆ ಕೇಳಿದ್ದ: "ನೀವು ಹೋದ ಮ್ಯಾಲ ನಮ್ಮ ಹೊಲದ ತನಕ ನೀರು ಬರ್ತದೇನ್ರಿ?" ಸಾಹೇಬ ಎದೆಯ ಮೇಲೆ ಕೈ ಇಟ್ಟುಕೊಂಡು ಬರುತ್ತದೆ ಅಂದಿದ್ದ. ತನ್ನ ತಮ್ಮನದೊಂದು ಸಣ್ಣ ವಿಸ್ಕಿ ಭಟ್ಟಿ ಇದೆ, ಬರ್ಬನ್ ಎಂಬ ಜಾತಿಯ ವಿಸ್ಕಿ ತೆಗೆಯುತ್ತಾರೆ, ಊರಿಗೆ ಹೋದೊಡನೆ ಒಂದು ಪೀಪಾಯಿಯನ್ನು ಈ ಖಾನಾವಳಿಯ ಹೆಸರಿನಲ್ಲಿ ತುಂಬಿಸಿ ಇಡಿಸುತ್ತೇನೆ, ಕೊನೆಯ ತೂಬಿನಲ್ಲಿ ನೀರು ಬಿದ್ದ ದಿನವೇ ಅದರ ಬಾಯಿ ತೆಗೆಯುವುದು, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ ಎಂದು ಮಾತು ಕೊಟ್ಟಿದ್ದ. ನಾವು ದೇವರಿಗೆ ಕುರಿ ಬಿಡುವ ಹಾಗೆ ಈತ ಪೀಪಾಯಿ ಬಿಡುತ್ತಿದ್ದಾನೆ ಎಂದು ಮೋನಮ್ಮ ತಿಳಿದಳು. ಮೂರು ವರ್ಷವೋ ನಾಲ್ಕು ವರ್ಷವೋ ಎಂದು ಸಾಹೇಬನ ಲೆಕ್ಕ.

ಮೇಲಿನ ಊರುಗಳಲ್ಲಿ ಭತ್ತ ಎದ್ದಿತು, ಕಾಲುವೆಯ ನೀರು ಅಲ್ಲಿಗೇ ಮುಗಿಯಿತು. ಎರೆಮಣ್ಣು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿದು ಕಾಲುವೆಯ ಕಾಂಕ್ರೀಟು ಹಪ್ಪಳದ ಹಾಗೆ ಒಡೆಯಿತು. ರಿಪೇರಿಯಾಯಿತು, ಮತ್ತೆ ಒಡೆಯಿತು. ಕೊನೆಯ ತೂಬಿನಲ್ಲಿ ಓತಿಕ್ಯಾತ ಮನೆ ಮಾಡಿತು. ಪ್ರತಿ ಹೊಸ ವರ್ಷಕ್ಕೆ ಅಮೆರಿಕದಿಂದ ಒಂದು ಕಾರ್ಡು ಬರುತ್ತಿತ್ತು, ಅದರಲ್ಲಿ ಸಾಹೇಬ ಕಷ್ಟಪಟ್ಟು ಕಲಿತ ಎರಡೇ ಕನ್ನಡ ಪದ, "ನೀರು ಬಂತಾ?" ಇಲ್ಲಿಂದ ಹೋಗುವ ಉತ್ತರ "ಇನ್ನೂ ಇಲ್ರಿ." ಹೀಗೆ ಇಪ್ಪತ್ತೆರಡು ವರ್ಷ ಕಳೆದಿತ್ತು.

ಉತ್ತರ ಬರೆಯುತ್ತಿದ್ದವನು ಖಾಜಾಹುಸೇನ. ಕ್ಯಾಂಪಿನ ಕಾಲದಲ್ಲಿ ಸಾಹೇಬನ ಜೀಪು ಓಡಿಸಿ ಅವನ ಇಂಗ್ಲಿಷನ್ನು ಹೀರಿಕೊಂಡವನು, ಈಗ ಸುರಪುರದಲ್ಲಿ ಪಂಪಸೆಟ್ಟು ರಿಪೇರಿ ಅಂಗಡಿ ಇಟ್ಟಿದ್ದ. ನೀರಿನ ಸುದ್ದಿ ಕೇಳಿದ್ದೇ ಅಂಗಡಿಯ ಬಾಗಿಲು ಎಳೆದು ಬಂದ. ಖಾನಾವಳಿಯ ಬೆಂಚಿನ ಮೇಲೆ ಕುಳಿತು ಮೊಬೈಲಿನ ಗುಂಡಿ ಒತ್ತಿದ. ಸುತ್ತ ಹತ್ತಿಪ್ಪತ್ತು ಜನ ಬಗ್ಗಿ ನಿಂತರು.

ಅಲ್ಲಿ ಇನ್ನೂ ಕತ್ತಲೆ ಹರಿದಿರಲಿಲ್ಲವಂತೆ. ಖಾಜಾಹುಸೇನ ಎರಡು ಮಾತಾಡಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆಯಿಂದ ಏನೋ ಒಂದು ಸಪ್ಪಳ ಬಂತು.

"ಏನಂತಾರ?" ಮೋನಮ್ಮ ಕೇಳಿದಳು.

"ಏನೂ ಅನ್ನವಲ್ರು ಅಕ್ಕಾ. ನಗಾಕತ್ಯಾರೋ ಅಳಾಕತ್ಯಾರೋ ಗೊತ್ತಾಗವಲ್ದು."

ಸ್ವಲ್ಪ ಹೊತ್ತಿಗೆ ಮಾತು ಬಂತು. ಖಾಜಾಹುಸೇನ ಕೇಳುತ್ತ ಕೇಳುತ್ತ ಹೇಳಿದ. ಸಾಹೇಬರು ಬರುತ್ತಾರೆ. ಆದರೆ ಪೀಪಾಯಿಯ ಗ್ಯಾರಂಟಿ ಇಲ್ಲ. ಅಷ್ಟು ವರ್ಷ ಯಾರೂ ಇಡುವುದಿಲ್ಲ. ಕಟ್ಟಿಗೆಯ ಪೀಪಾಯಿ, ಬೇಸಿಗೆ ಬಂದ ಹಾಗೆಲ್ಲ ಒಂದಿಷ್ಟು ಆರುತ್ತದೆ, ಒಂದಿಷ್ಟನ್ನು ಕಟ್ಟಿಗೆಯೇ ಕುಡಿಯುತ್ತದೆ.

"ತಮ್ಮ ಹತ್ತು ವರ್ಷದಿಂದ ಬಯ್ಯಾಕತ್ಯಾನಂತ, ತೆಗದುಬಿಡು ಅಂತ. ಇವರು ಮಾತು ಕೊಟ್ಟೀನಿ ಅಂತ ಮುಟ್ಟಗೊಟ್ಟಿಲ್ಲ. ಈಗ ಬಡದ್ರ ಖಾಲಿ ಕೊಡದ ಸಪ್ಪಳ ಬರ್ತದಂತ."

"ಅಂದ್ರ ಒಳಗ ಏನೂ ಇಲ್ಲೇನು?" ಹುಲಗಪ್ಪನ ದನಿ ಬಿದ್ದುಹೋಯಿತು.

"ತೆಗದ ಮ್ಯಾಲೇ ಗೊತ್ತಾಗದು. ಫೋನಿನ್ಯಾಗ ಹೇಳಂಗಿಲ್ಲಂತ. ಇದ್ರೂ ಬರ್ತೀನಿ, ಇಲ್ದಿದ್ರೂ ಬರ್ತೀನಿ, ಒಂದು ಚರಿಗಿ ಆ ತೂಬಿನ ನೀರು ತಗದಿಡ್ರಿ ಅಂತಾರ."

ಆಮೇಲಿನ ಒಂದೂವರೆ ತಿಂಗಳು ಖಾನಾವಳಿಗೆ ಬಂದವರಿಗೆಲ್ಲ ಇದೇ ಮಾತು. ಇದೆ ಎನ್ನುವವರು ಒಂದು ಬೆಂಚಿಗೆ, ಇಲ್ಲ ಎನ್ನುವವರು ಇನ್ನೊಂದು ಬೆಂಚಿಗೆ. ಶಹಾಪುರದ ಬಸ್ಸಿನ ಕಂಡಕ್ಟರು ಇಳಿದೊಡನೆ ಊಟ ಏನಿದೆ ಎಂದು ಕೇಳುವ ಬದಲು ಪೀಪಾಯಿ ಏನಾಯಿತು ಎಂದು ಕೇಳತೊಡಗಿದ. ಮೋನಮ್ಮನ ಎದೆಯಲ್ಲಿ ಎರಡು ಬಗೆಯ ಗಡಿಬಿಡಿ. ಅವಳು ಹೆಂಡ ಸರಾಯಿ ಮುಟ್ಟಿದವಳಲ್ಲ. ಚಿಕ್ಕಂದಿನಲ್ಲಿ ಮೈಗೆ ತಂಪೆಂದು ಅಜ್ಜಿ ಕುಡಿಸಿದ್ದ ಒಂದು ಬಟ್ಟಲು ಈಚಲ ಶೇಂದಿ ಬಿಟ್ಟರೆ ಮತ್ತೇನೂ ಇಲ್ಲ. ಕ್ಯಾಂಪಿನ ಕಾಲದಲ್ಲಿ ಕುಡಿದವರು ಗಂಗಾಳ ಎಸೆದು ಬಡಿದಾಡಿದ್ದನ್ನು ಕಂಡು, ಅಂಥವರನ್ನು ಹೊಸ್ತಿಲ ಹೊರಗೇ ನಿಲ್ಲಿಸುವ ರೂಢಿ ಮಾಡಿದ್ದಳು. ಆ ರೂಢಿ ಇವತ್ತಿಗೂ ಸಡಿಲಾಗಿರಲಿಲ್ಲ. ಅಂಥ ಖಾನಾವಳಿಯ ಹೆಸರಿನಲ್ಲಿ ಎಲ್ಲೋ ಒಂದು ದೇಶದಲ್ಲಿ ಒಂದು ಪೀಪಾಯಿ ಕಾಯ್ದುಕೊಂಡು ಕುಳಿತಿದೆ ಎಂದರೆ ನಗುವೂ ಬರುತ್ತಿತ್ತು, ಒಳಗೊಳಗೆ ಕುಣಿಯುವಂತೆಯೂ ಆಗುತ್ತಿತ್ತು.

"ಬಂದ್ರ ಒಳಗ ಬಿಡ್ತಿಯೇನು ಅದನ್ನ?" ಎಂದು ಕೇಳಿದವಳು ಕರೆಮ್ಮ, ಹುಲಗಪ್ಪನ ಅಕ್ಕ. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಉಳಿದು ಖಾನಾವಳಿಯ ಒಲೆ ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ, ಆಡಿದರೆ ಒನಕೆಯ ಪೆಟ್ಟು.

"ಬರ್ಲಿ ತಡಿ, ವೈನಿ. ಬರೋ ಮೊದಲ ಬಾಗಿಲ ಯಾಕ ಹಾಕಬೇಕು?"

"ನಾ ಅಂತೂ ಆ ಕಡಿ ಹೊಳ್ಳಿ ನೋಡಂಗಿಲ್ಲ," ಅಂದಳು ಕರೆಮ್ಮ.

ಎಳ್ಳಮಾವಾಸ್ಯೆ ಕಳೆದ ವಾರ ಸಾಹೇಬರು ಬಂದರು. ಹೈದರಾಬಾದಿನಲ್ಲಿ ವಿಮಾನ ಇಳಿದು ಕಾರು ಮಾಡಿಕೊಂಡು ಯಾದಗಿರಿ ದಾಟಿ, ಶಹಾಪುರ ದಾಟಿ, ಹೊತ್ತು ನೆತ್ತಿಗೆ ಬರುವ ಮೊದಲು ಖಾನಾವಳಿಯ ಮುಂದೆ ನಿಂತರು. ಖಾಜಾಹುಸೇನ ಹೈದರಾಬಾದಿಗೇ ಹೋಗಿ ಕರೆತಂದಿದ್ದ. ಮೋನಮ್ಮ ಗುರುತೇ ಹಿಡಿಯಲಿಲ್ಲ. ಕೆಂಪು ಕೂದಲ ಆ ಗಡುತರ ಆಳು ಎಲ್ಲಿ, ಕೋಲು ಹಿಡಿದು ಇಳಿಯುತ್ತಿರುವ ಈ ಬಿಳಿ ಮುದುಕ ಎಲ್ಲಿ. ಆದರೆ ಇಳಿದವರೇ ಬಗ್ಗಿ ರಸ್ತೆ ಬದಿಯ ಒಂದು ಹಿಡಿ ಮಣ್ಣೆತ್ತಿ ಮೂಸಿದರು. ಆಗ ಅವಳಿಗೆ ಸಂಶಯ ಉಳಿಯಲಿಲ್ಲ.

"ಮೋನಮ್ಮ," ಅಂದರು. "ರೊಟ್ಟಿ."

"ಅದಾವ್ರಿ ಸಾಹೇಬ್ರ. ಬರ್ರಿ, ಬರ್ರಿ." ಅವಳಿಗೆ ಅಷ್ಟೇ ಬಾಯಿಗೆ ಬಂದದ್ದು.

ಅವರ ಕೈಯಲ್ಲಿ ಒಂದು ಚರ್ಮದ ಚೀಲವಿತ್ತು. ಅದನ್ನು ಡ್ರೈವರನಿಗೂ ಕೊಡಲಿಲ್ಲ, ಖಾಜಾಹುಸೇನನಿಗೂ ಕೊಡಲಿಲ್ಲ. ನೆರೆದ ನಲವತ್ತು ಜನರ ಕಣ್ಣೂ ಆ ಚೀಲದ ಮೇಲೆಯೇ. ಇದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಹುಲಗಪ್ಪ ಖಾಜಾಹುಸೇನನ ಪಕ್ಕೆ ತಿವಿದ. "ನಿನಗ ದಾರ್ಯಾಗ ಹೇಳಿರಬೇಕಲ್ಲೋ."

"ಖುದಾನ ಆಣಿ, ಒಂದು ಮಾತು ಹೇಳಿಲ್ಲ. ಯಾದಗಿರಿಯೊಳಗ ಚಹಾ ಕುಡಿಯೋ ಮುಂದನೂ ಚೀಲ ತೊಡಿ ಮ್ಯಾಲೇ ಇತ್ತು."

ಸಾಹೇಬರು ಬೆಂಚಿನ ಮೇಲೆ ಕುಳಿತು ಚೀಲ ಬಿಚ್ಚಿದರು. ಮೊದಲು ಒಂದು ಉಣ್ಣೆಯ ಅಂಗಿ ಬಂತು. ಆ ಅಂಗಿಯೊಳಗೆ ಇನ್ನೊಂದು ಅಂಗಿ. ಅದರೊಳಗಿಂದ ದಪ್ಪ ಗಾಜಿನ ಬಾಟಲಿ ಹೊರಗೆ ಬಂದಾಗ ನಲವತ್ತು ಜನರ ಉಸಿರು ಒಟ್ಟಿಗೆ ಬಿದ್ದದ್ದು ಮೋನಮ್ಮನಿಗೆ ಕೇಳಿಸಿತು. ಅದರ ಹಿಂದೆ ಎರಡನೆಯದೂ ಬಂತು. ಬಾಯಿಗೆ ಕೆಂಪು ಅರಗು ಬಳಿದಿತ್ತು. ಬಿಸಿಲು ಬಿದ್ದ ಕಡೆ ಒಳಗಿನ ದ್ರವ ಹುಣಸೆರಸದ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ತಾಮ್ರದಂತೆ ಹೊಳೆಯಿತು.

ಸಾಹೇಬರು ಪೀಪಾಯಿ ತೆಗೆದ ಕಥೆ ಹೇಳಿದರು, ಖಾಜಾಹುಸೇನ ಕನ್ನಡಕ್ಕೆ ತಂದ. ಅಣ್ಣತಮ್ಮಂದಿರಿಬ್ಬರೂ ಉಗ್ರಾಣದಲ್ಲಿ ಪೀಪಾಯಿಗೆ ತೂತು ಹಾಕಿ ಕೆಳಗೆ ಪಾತ್ರೆ ಹಿಡಿದು ಕುಳಿತರಂತೆ. ಒಂದು ಹನಿಯೂ ಬರಲಿಲ್ಲ. ತಮ್ಮ, ನಾನು ಹೇಳಲಿಲ್ಲವೇ ಎಂದು ಎದ್ದುಬಿಟ್ಟ. ಇವರು ಬಿಡದೆ ಭುಜ ಕೊಟ್ಟು ಪೀಪಾಯಿಯನ್ನು ಓರೆ ಮಾಡಿದರು. ಒಳಗೆಲ್ಲೋ ಗುಳುಕ್ ಎಂದಿತು. ಆಮೇಲೆ ಬೆರಳು ಗಾತ್ರದ ಧಾರೆ. ತುಂಬಿಟ್ಟಿದ್ದು ಇನ್ನೂರು ಲೀಟರು; ಸಿಕ್ಕಿದ್ದು ಕೆಲವೇ ಬಾಟಲಿ. ವಿಮಾನದಲ್ಲಿ ತರಲು ಕಾಯಿದೆ ಬಿಟ್ಟದ್ದು ಎರಡೇ.

"ಉಳದಿದ್ದು ಎಲ್ಲಿ ಹೋತು?" ಯಾರೋ ಕೇಳಿದರು.

ಸಾಹೇಬರು ಮೇಲೆ ಕೈ ತೋರಿಸಿ ಏನೋ ಅಂದರು. ಖಾಜಾಹುಸೇನ ಅನುವಾದ ಮಾಡದೆ ಅವರಿಗೇ ಇಂಗ್ಲಿಷಿನಲ್ಲಿ ಏನೋ ಉತ್ತರ ಕೊಟ್ಟ.

"ಏನಂದ್ರೋ?"

"ಆರಿ ಹೋಗಿದ್ದು ಫರಿಶ್ತಾಗಳ ಪಾಲು, ದೇವದೂತರ ಪಾಲು ಅಂತ ಅವರ ಕಡಿ ಅಂತಾರಂತ." ಐದು ಹೊತ್ತು ನಮಾಜು ಬಿಡದ ಖಾಜಾಹುಸೇನನ ಮುಖ ಗಂಭೀರವಾಗಿತ್ತು. "ನಾ ಅಂದೆ, ಸಾಹೇಬ್ರ, ಫರಿಶ್ತಾಗಳು ಇಂಥಾದ್ದು ಕುಡಿಯಂಗಿಲ್ಲ, ಬಿಸಿಲು ಕುಡದಿರ್ತದ ಅಂತ."

ಜನ ಗೊಳ್ಳನೆ ನಕ್ಕರು. ನಕ್ಕದ್ದು ಯಾಕೆಂದು ತಿಳಿಯದೆ ಸಾಹೇಬರೂ ನಕ್ಕರು. ನಗುತ್ತಲೇ ಬಾಟಲಿಯನ್ನು ತಿರುಗಿಸಿ ಮೋನಮ್ಮನ ಮುಂದೆ ಹಿಡಿದರು.

ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಚಿತ್ರವಿತ್ತು. ಅವಳ ಹಳೆಯ ಗುಡಿಸಲು, ಬಾಗಿಲ ಮೇಲಿನ ತಗಡಿನ ಬೋರ್ಡು. ಆ ಬೋರ್ಡು ಗಾಳಿಗೆ ಹಾರಿ ಹೋಗಿಯೇ ಎಷ್ಟೋ ವರ್ಷವಾಗಿತ್ತು. ಈಗಿರುವುದು ತಂಪು ಪಾನೀಯದ ಕಂಪನಿಯವರು ಕೊಟ್ಟ ಬೋರ್ಡು. ಸಾಹೇಬರು ಅಂದು ತೆಗೆದುಕೊಂಡ ಫೋಟೋದಿಂದ ಅಕ್ಷರಗಳನ್ನು ಇದ್ದ ಹಾಗೆ ಎತ್ತಿ ಅಚ್ಚು ಹಾಕಿಸಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು.

"ಸುರಪುರದ ಮೋನಮ್ಮನ ರೆಸ್ಟೋರೆಂಟಿಗಾಗಿ ವಿಶೇಷವಾಗಿ ತುಂಬಿದ್ದು, ಅಂತ ಬರದದ," ಖಾಜಾಹುಸೇನ ಓದಿದ.

"ರೆಸ್ಟೋರೆಂಟ್ ಅಂದ್ರ ಏಸಿ ಇರ್ತದಲ್ಲೋ," ಅಂದಳು ಮೋನಮ್ಮ. ಮುಖ ಕೆಂಪಗಾಗಿತ್ತು. "ಮ್ಯಾಲ ಕನ್ನಡದಾಗ ಏನದ ನೋಡು."

"ಮೋನಮ್ಮನ ಖಾನಾವಳಿ ಅಂತ ಅದ." ಖಾಜಾಹುಸೇನ ಕಣ್ಣು ಕಿರಿದು ಮಾಡಿ ಎರಡನೆಯ ಸಾಲಿಗೆ ಬಂದ. ಒಮ್ಮೆ ಓದಿದ. ಮತ್ತೊಮ್ಮೆ ಓದಿದ. ತಲೆ ಎತ್ತಿ ಮೋನಮ್ಮನ ಮುಖ ನೋಡಿದ. "ಅಕ್ಕಾ, ಕೆಂಪು ಅಕ್ಷರದಾಗ ಇನ್ನೊಂದು ಸಾಲದ. 'ಕುಡಿದು ಬಂದವರಿಗೆ ಊಟ ಇಲ್ಲ' ಅಂತ."

ಅದಕ್ಕೆ ಎದ್ದ ನಗುವಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರು ನಿಂತಿತು. ಹುಲಗಪ್ಪ ಕಂಬ ಹಿಡಿದುಕೊಂಡು ಕೆಳಗೆ ಕುಸಿದ. ಸಾಹೇಬರು ಅದನ್ನು ಖಾನಾವಳಿಯ ಶುಭವಾಕ್ಯವೆಂದು ತಿಳಿದು ಅಷ್ಟು ಅಕ್ಕರೆಯಿಂದ ಬಾಟಲಿಗೆ ಹಚ್ಚಿಸಿದ್ದರು. ಅರ್ಥ ಕೇಳಿದಾಗ ಮೊದಲು ಪೆಚ್ಚಾದರು. ಆಮೇಲೆ ಕೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕರು.

"ನಗ್ರಿ, ನಗ್ರಿ," ಒಲೆಯ ಕಡೆಯಿಂದ ಕರೆಮ್ಮನ ದನಿ ಬಂತು. "ಬಾಟ್ಲಿಗಿ ಇದ್ದಷ್ಟು ಬುದ್ಧಿ ನಿಮಗಿಲ್ಲ. ಅದ ಹೇಳಾಕತ್ತದಲ್ಲ, ಇಲ್ಲಿ ಕುಡಿಯಂಗಿಲ್ಲ ಅಂತ."

ನಗು ನಿಂತಿತು. ಹೊಲಕ್ಕೆ ಹೋಗೋಣ ಎಂದರು ಕೆಲವರು. ಮರದ ಕೆಳಗೆ ಕುಳಿತರಾಯಿತು ಎಂದರು ಕೆಲವರು. ಖಾಜಾಹುಸೇನ ಇದನ್ನೆಲ್ಲ ಹೇಳಿದಾಗ ಸಾಹೇಬರು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೋನಮ್ಮ ಹೇಳಿದ ಹಾಗೆ ಎಂದುಬಿಟ್ಟರು. ಎಲ್ಲರೂ ಅವಳ ಕಡೆ ತಿರುಗಿದರು.

ಮೋನಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಖಾನಾವಳಿಗೆಂದೇ ಬಂದದ್ದನ್ನು ಹೊಸ್ತಿಲಾಚೆ ಇಡಲು ಅವಳಿಗೆ ಮನಸ್ಸಿಲ್ಲ. ತನ್ನ ಮಾತನ್ನು ತಾನೇ ಮುರಿಯಲೂ ಮನಸ್ಸಿಲ್ಲ. ಚೀಟಿಯ ಮೇಲಿನ ಕೆಂಪು ಸಾಲನ್ನು ಬೆರಳಿನಿಂದ ಸವರಿದಳು. ಥಟ್ಟನೆ ಅವಳ ಮುಖ ಅರಳಿತು.

"ವೈನಿ, ಏನಂತ ಬರಸೀನಿ ನಾ? ಕುಡಿದು ಬಂದವರಿಗೆ ಊಟ ಇಲ್ಲ. ಉಂಡವರು ಕುಡಿಬಾರದು ಅಂತ ಎಲ್ಲಿ ಬರಸೀನಿ?" ಜನರ ಕಡೆ ತಿರುಗಿದಳು. "ಎಲ್ಲಾರೂ ಕೈ ತೊಳೀರಿ. ಹೊಟ್ಟಿ ತುಂಬ ಉಣ್ರಿ. ಉಂಡವರಿಗಷ್ಟೇ ಇದು. ಉಣ್ಣದವರು ಹಂಗ ಮನಿಗಿ ಹೋಗ್ರಿ."

ಅಂಥ ಊಟ ಆ ಖಾನಾವಳಿಯಲ್ಲಿ ಹಿಂದೆ ಆಗಿರಲಿಲ್ಲ. ಕೈ ತೊಳೆಯಲು ನೂಕುನುಗ್ಗಲು. ಬೆಂಚು ಸಾಲದೆ ಅಂಗಳದಲ್ಲಿ ಗೋಣಿಚೀಲ ಹಾಸಿದರು. ಕುರಿಯ ಸಾರು, ಕಾಲುವೆಯ ಮೀನು, ಪುಂಡಿಪಲ್ಯ, ರಾಶಿ ರಾಶಿ ರೊಟ್ಟಿ. ಮೋನಮ್ಮ ಓಡಾಡುತ್ತ ಬಡಿಸಿದಳು. ಸಾಹೇಬರು ಮೊದಲ ತುತ್ತಿಗೇ ಮೂಗು ಒರೆಸಿಕೊಂಡು ಬೆರಳೆತ್ತಿದರು, ಇನ್ನೊಂದು ರೊಟ್ಟಿ. ಹುಲಗಪ್ಪ ಎರಡೇ ರೊಟ್ಟಿಗೆ ಏಳಲು ನೋಡಿದಾಗ ಅವಳು ಮೂರನೆಯದನ್ನು ಗಂಗಾಳಕ್ಕೆ ಹಾಕಿ, "ಹೊಟ್ಟಿ ತುಂಬ ಅಂದೀನಿ," ಅಂದಳು.

ಊಟವಾದ ಮೇಲೆ ಚಹಾದ ಗ್ಲಾಸುಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟರು. ಸಾಹೇಬರು ಅರಗು ಕೆರೆದು ಬಿರಡೆ ಎಳೆದಾಗ ಟಪ್ ಎಂಬ ಸಣ್ಣ ಸಪ್ಪಳ. ಮೋನಮ್ಮ ತುಪ್ಪ ಬಡಿಸುವ ಚಮಚದಿಂದ ಗ್ಲಾಸಿಗೆ ಒಂದೊಂದೇ ಚಮಚ ಹಾಕಿದಳು, ಬಂದವರೆಲ್ಲರಿಗೂ ಮುಟ್ಟಬೇಕಲ್ಲ. ಮೊದಲ ಗ್ಲಾಸು ಅವಳದೇ ಎಂದು ಸಾಹೇಬರು ಹಟ ಹಿಡಿದರು. ನಲವತ್ತು ಜನ ನೋಡುತ್ತಿದ್ದಂತೆ ಅವಳು ಗ್ಲಾಸೆತ್ತಿ ಬಾಯಿಗೆ ಸುರಿದುಕೊಂಡಳು.

ಬೆಂಕಿ. ಒಣಮೆಣಸಿನಕಾಯಿ ಹುರಿದ ಹೊಗೆ ನೇರ ಎದೆಗೆ ಇಳಿದ ಹಾಗಾಯಿತು. ಅವಳು ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಅವಳ ಹಿಂದೆಯೇ ಸುರಿದುಕೊಂಡಿದ್ದ ಹುಲಗಪ್ಪ ಗಂಟಲು ಹಿಡಿದುಕೊಂಡ. ಇನ್ನೂ ನಾಲ್ಕು ಜನ ಕೆಮ್ಮಿದರು. ಇಷ್ಟು ವರ್ಷ ಕಾಯ್ದದ್ದು ಇದಕ್ಕೇನು ಎಂಬ ಮಾತು ಎಲ್ಲರ ಮುಖದ ಮೇಲೂ ಇತ್ತು. ಮೋನಮ್ಮನಿಗೆ ತನ್ನ ಗಂಟಲಿಗಿಂತ ಸಾಹೇಬರ ಮನಸ್ಸಿನದೇ ಚಿಂತೆಯಾಯಿತು. ಎರಡು ಅಂಗಿ ಸುತ್ತಿ, ಸಾಗರ ದಾಟಿಸಿ ತಂದಿದ್ದಾರೆ.

ಸಾಹೇಬರು ಮಾತ್ರ ಅವಸರಪಡಲಿಲ್ಲ. ಒಂದೇ ಗುಟುಕಿಗೆ ಕುಡಿಯಬಾರದು ಎಂದು ಕೈ ಆಡಿಸಿದರು. "ನೀರು," ಅಂದರು ಕನ್ನಡದಲ್ಲೇ. "ತೂಬಿನ ನೀರು."

ಆ ಚರಿಗೆ ಸಿದ್ಧವಿತ್ತು. ಮೋನಮ್ಮ ಅಂದು ಬೆಳಿಗ್ಗೆಯೇ ಹುಲಗಪ್ಪನ ಕೈಯಲ್ಲಿ ತರಿಸಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ ಇಟ್ಟಿದ್ದಳು. ಅವಳ ಗ್ಲಾಸಿಗೆ ಇನ್ನೊಂದು ಚಮಚ ಬಂತು. ಸಾಹೇಬರು ಬೆರಳ ತುದಿಯನ್ನು ಚರಿಗೆಯಲ್ಲಿ ಅದ್ದಿ ಗ್ಲಾಸಿನ ಮೇಲೆ ಹಿಡಿದರು. ಹನಿ ಬಿದ್ದವು, ಮೂರೋ ನಾಲ್ಕೋ. ಹನಿ ಬಿದ್ದ ಕಡೆ ಕಂದು ರಸದಲ್ಲಿ ಎಣ್ಣೆಯಂಥ ಎಳೆಗಳು ಸುರುಳಿ ಸುತ್ತಿದವು. ಮೊದಲು ಮೂಸು ಎಂದು ಮೂಗು ತೋರಿಸಿದರು.

ಮೋನಮ್ಮ ಮೂಸಿದಳು. ಈ ಸಲ ಬೆಂಕಿ ಇರಲಿಲ್ಲ. ಗಾಣದ ಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಪಾಕಕ್ಕೆ ಬರುವಾಗ ಅಂಚಿಗೆ ಹತ್ತಿ ಸೀದುಹೋಗುತ್ತದಲ್ಲ, ಆ ವಾಸನೆ. ಅದರ ಹಿಂದೆ ಬಡಿಗ ಹಳೆಯ ತೊಲೆಯನ್ನು ಹೆರೆಯುವಾಗ ಏಳುವ ವಾಸನೆ. ಒಣಖರ್ಜೂರದ್ದೂ ಇತ್ತು, ಕೊಬ್ಬರಿ ಬಟ್ಟಲಿನದೂ ಇತ್ತು. ಒಂದು ಹೋದರೆ ಇನ್ನೊಂದು. ಅವಳು ಮೂಗು ಎತ್ತಲೇ ಇಲ್ಲ.

"ಏನೇನು ಬರ್ತದ ಹೇಳ್ರಿ ಅಂತಾರ," ಅಂದ ಖಾಜಾಹುಸೇನ. "ಅವರಿಗಿ ವೆನಿಲಾ ಬರ್ತದಂತ. ಐಸ್‌ಕ್ರೀಮಿನ ವಾಸನಿ ಅಕ್ಕಾ. ಓಕ್ ಅಂತ ಒಂದು ಕಟ್ಟಿಗಿ, ಅದರದ. ಪೀಪಾಯಿ ಒಳಮೈ ಸುಟ್ಟಿರ್ತಾರಂತ, ಆ ಸುಟ್ಟಿದ್ದು. ಮತ್ತ..." ಅವನು ಅನುಮಾನಿಸಿದ. "ಮತ್ತ ಹೊಸಾ ಚರ್ಮದ್ದು."

"ಚರ್ಮದ್ದಂದ್ರ?"

"ಚಪ್ಪಲಿ ಅಂಗಡಿಯೊಳಗ ಬರ್ತದಲ್ಲ, ಅದು."

"ಚಪ್ಪಲಿ ವಾಸನಿ ಬಂದ್ರ ಛಲೋದೇನು?" ಹುಲಗಪ್ಪ ಗ್ಲಾಸನ್ನು ಮೂಗಿನಿಂದ ದೂರ ಹಿಡಿದ.

"ಭಾಳ ಛಲೋದಂತ. ಹಳೇದಾಗಬೇಕು ಆ ವಾಸನಿ ಬರಬೇಕಂದ್ರ." ಖಾಜಾಹುಸೇನ ತಾನೂ ಬಗ್ಗಿ ಬಾಟಲಿಯ ಬಾಯಿಗೆ ಮೂಗು ತಂದ. ಕಣ್ಣು ಮುಚ್ಚಿದ. "ಕುಡದ್ರ ಗುನಾ, ಮೂಸಿದ್ರ ಗುನಾ ಇಲ್ಲ. ಅದ ನೋಡ್ರಿ, ಜೀಪಿನ ಹೊಸಾ ಸೀಟಿನ ವಾಸನಿ. ಖರೇನ ಅದ."

ಮೋನಮ್ಮ ತುಟಿಗೆ ಹಚ್ಚಿದಳು. ಸಾಹೇಬರು ತೋರಿಸಿದ ಹಾಗೆ ನುಂಗದೆ ನಾಲಿಗೆಯ ಮೇಲೆ ಹೊರಳಿಸಿದಳು. ಸಿಹಿ ಮೊದಲು ಬಂತು. ಸಿಹಿಯ ಬೆನ್ನಿಗೆ ಲವಂಗದಂಥ ಚುರುಕು, ಆಮೇಲೆ ಚಹಾದ ಸೊಪ್ಪಿನ ಒಗರು. ನುಂಗಿದ ಮೇಲೆ ಮುಗಿಯಿತು ಅಂದುಕೊಂಡಳು. ಮುಗಿಯಲಿಲ್ಲ. ಎದೆಯಲ್ಲಿ ದೀಪ ಹಚ್ಚಿಟ್ಟ ಹಾಗೆ ಬೆಚ್ಚಗಾಯಿತು, ಆ ಬಿಸಿ ಕೈಬೆರಳ ತುದಿಯವರೆಗೆ ಹೋಯಿತು, ಬಾಯಲ್ಲಿ ಮಾತ್ರ ಸುಟ್ಟ ಬೆಲ್ಲದ ರುಚಿ ಕುಳಿತೇ ಇತ್ತು. ಅವಳು ಬೆಂಚಿನ ಮೇಲೆ ಕುಳಿತಳು. ಸುತ್ತಲೂ ಗ್ಲಾಸಿಗೆ ಹನಿ ಹಾಕಿಸಿಕೊಳ್ಳಲು ಕೈಗಳು ಚಾಚಿಕೊಂಡವು. ಒಬ್ಬೊಬ್ಬರೇ ಮೂಸಿ, ಹೀರಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ಕೆಮ್ಮು ಒಂದೂ ಕೇಳಲಿಲ್ಲ.

"ಇದನ್ನ ಯಾತರಲೆ ಮಾಡ್ತಾರ ಕೇಳು," ಅಂದಳು. "ದ್ರಾಕ್ಷಿಯೇನು?"

ಖಾಜಾಹುಸೇನ ಕೇಳಿದ. ಉತ್ತರ ಬಂದಾಗ ಅವನ ಹುಬ್ಬು ಮೇಲೇರಿತು. "ಮೆಕ್ಕಿಜ್ವಾಳದಲೆ ಅಂತ."

"ಜ್ವಾಳದಲೇನು?" ಅಂಗಳದ ತುಂಬ ಗುಲ್ಲೆದ್ದಿತು. ಈ ಸಲ ತೂಬಿನ ನೀರಿಗೆ ಮೆಕ್ಕೆಜೋಳ ಹಾಕಿದ್ದ ಹುಲಗಪ್ಪ ಎದ್ದು ನಿಂತೇಬಿಟ್ಟ. ಸಾಹೇಬರ ಕೈ ಹಿಡಿದು ಹೊಲದ ಕಡೆ ಎಳೆಯತೊಡಗಿದ. "ಬರ್ರಿ, ನಮ್ಮ ಬೆಳಿ ನೋಡಬರ್ರಿ, ಇದಕ್ಕ ನಡೀತದೇನು ಹೇಳ್ರಿ."

ಈ ಗದ್ದಲದಲ್ಲಿ ಮೋನಮ್ಮ ಒಂದು ಗ್ಲಾಸು ತೆಗೆದುಕೊಂಡು ಒಲೆಯ ಹತ್ತಿರ ಹೋದಳು. ಕರೆಮ್ಮ ಬೆನ್ನು ತಿರುಗಿಸಿ ಕುಳಿತಿದ್ದಳು. ಮೋನಮ್ಮ ಗ್ಲಾಸನ್ನು ಪಕ್ಕದಲ್ಲಿಟ್ಟು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಹೊರಬಂದಳು. ಸ್ವಲ್ಪ ಹೊತ್ತಿಗೆ ಒಲೆಯ ಕಡೆಯಿಂದ ದನಿ ಬಂತು.

"ಮೋನಿ, ನೀರಿನ ಚರಿಗಿ ಇತ್ಲಾಗ ಕಳಸು."

ಹೊತ್ತು ಇಳಿಯುವ ಮೊದಲು ಒಂದು ಬಾಟಲಿ ಬರಿದಾಯಿತು. ಎರಡನೆಯದನ್ನು ಏನು ಮಾಡುವುದೆಂದು ಮಾತು ಎದ್ದಿತು. ಕಪಾಟಿನಲ್ಲಿ ಇಡಬೇಕು, ಬಂದವರಿಗೆ ತೋರಿಸಬೇಕು ಎಂದ ಹುಲಗಪ್ಪ. ಗಾಜಿನ ಪೆಟ್ಟಿಗೆ ಮಾಡಿಸಬೇಕು ಎಂದರು ಇನ್ಯಾರೋ. ಮೋನಮ್ಮ ಕೇಳಿಸಿಕೊಳ್ಳುತ್ತಲೇ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿದಳು.

"ನೀರು ಕಾಯ್ದವರು ನಾವಷ್ಟೇ ಏನು? ಆ ತೂಬಿನ ಕೆಳಗ ಹೊಲಾ ಇದ್ದವರು ಎಷ್ಟು ಮಂದಿ ಅದಾರ. ನಡಿಯಾಕ ಬರಲಾರದವರು, ಮುದುಕರು, ಮನ್ಯಾಗೇ ಕುಂತಾರ. ಟ್ರ್ಯಾಕ್ಟರ್ ತಿರುಗಸ್ರಿ."

ಉರಿಯುವ ಒಲೆಯನ್ನು ಕರೆಮ್ಮನಿಗೆ ಒಪ್ಪಿಸಿ ಅವಳು ಹಗಲು ಹೊತ್ತಿನಲ್ಲಿ ಖಾನಾವಳಿ ಬಿಟ್ಟು ಹೊರಟದ್ದು ಅದೇ ಮೊದಲು. ನಗು ಕೇಳಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಗೋಣಿಚೀಲದ ಮೇಲೆ ಸಾಹೇಬರು, ಅವರ ಪಕ್ಕ ಖಾಜಾಹುಸೇನ, ಎದುರಿಗೆ ಚರಿಗೆ ಹಿಡಿದ ಹುಲಗಪ್ಪ, ನಡುವೆ ಬಾಟಲಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡ ಮೋನಮ್ಮ. ಕಾಲುವೆಯ ಏರಿಯ ಮೇಲೆ ಟ್ರ್ಯಾಕ್ಟರು ಕುಣಿಯುತ್ತ ಸಾಗಿತು. ಪಕ್ಕದಲ್ಲಿ ನೀರು ಅವರ ಜೊತೆಗೇ ಹರಿಯುತ್ತಿತ್ತು, ಸಂಜೆಯ ಬಿಸಿಲು ಅದರ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ತಗ್ಗು ಬಂದಾಗೆಲ್ಲ ಅವಳು ಡ್ರೈವರನಿಗೆ, "ಸಾವಕಾಶ ಹೋಗಪ್ಪಾ, ಒಡದೀತು," ಎನ್ನುತ್ತಿದ್ದಳು. ಎನ್ನುತ್ತಲೇ ನಗುತ್ತಿದ್ದಳು. ಯಾಕೆ ನಗುತ್ತಿದ್ದೇನೆಂದು ಅವಳಿಗೂ ತಿಳಿಯದು.

ಮೊದಲ ಮನೆ ಬಾಲಮ್ಮನದು. ನಡು ಬಾಗಿದ ಆ ಮುದುಕಿ ತೂಬಿಗೆ ನೀರು ಬಂದ ದಿನ ಮೊಮ್ಮಗಳ ಹೆಗಲು ಹಿಡಿದು ಬಂದು ನೀರಿಗೆ ಅರಿಷಿಣ ಕುಂಕುಮ ಬಿಟ್ಟು ಹೋಗಿದ್ದಳು. ಟ್ರ್ಯಾಕ್ಟರಿನ ಸಪ್ಪಳಕ್ಕೆ ಬಾಗಿಲಿಗೆ ಬಂದವಳು ಬಿಳಿಯ ಮನುಷ್ಯನನ್ನು ಕಂಡು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರವ್ವಾ ಇವರು? ಡಾಕ್ಟರೇನು?"

"ಕೆನಾಲ್ ಮಾಡಿದ ಸಾಹೇಬ್ರು, ಆಯಿ. ಒಂದು ಬಟ್ಟಲ ತಗೊಂಡ ಬಾ."

ಬಟ್ಟಲು ಬಂತು. ಮೋನಮ್ಮ ಮೊದಲು ಕೇಳಿದಳು, "ಊಟ ಆಗ್ಯಾದಿಲ್ಲೋ?" ಆಗಿದೆ ಎಂದಮೇಲೆ ಒಂದು ಚಮಚ ಹಾಕಿ, ಹುಲಗಪ್ಪನ ಚರಿಗೆಯಿಂದ ನಾಲ್ಕು ಹನಿ ನೀರು ಬಿಟ್ಟಳು. ಬಾಲಮ್ಮ ಮೂಸಲಿಲ್ಲ, ಕೇಳಲಿಲ್ಲ. ಔಷಧ ಕುಡಿಯುವವಳ ಹಾಗೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿ ಮೆಲ್ಲಗೆ ಮೂರು ನಾಲ್ಕು ಸಲ ಆಡಿತು. ಎಲ್ಲರೂ ಅವಳ ಮುಖವನ್ನೇ ನೋಡುತ್ತ ನಿಂತರು. ಸಾಹೇಬರು ಟ್ರೇಲರಿನಿಂದ ಅರ್ಧ ಎದ್ದಿದ್ದರು.

ಬಾಲಮ್ಮ ಕಣ್ಣು ತೆರೆದಳು. ಬಟ್ಟಲೊಳಗೆ ಬೆರಳು ತಿರುಗಿಸಿ ಆ ಬೆರಳನ್ನೂ ಚೀಪಿದಳು.

"ಭಾಳ ಛಲೋ ಅದ," ಅಂದಳು. "ನನ್ನ ತಂಗಿ ಒಳಗ ಮಲಗ್ಯಾಳ, ಆಕಿಗೂ ಒಂದೀಟು ಹಾಕು. ಆಕಿದೂ ಊಟ ಆಗ್ಯಾದ."